ಬೇಲಿ ಸವರಲು ಎಷ್ಟಾಗುತ್ತದೆ?



ಈ ಪಾಠದಲ್ಲಿ ಒಂದು ಬೇಲಿಯ ಕಥೆ ಇದೆ. ಕಥೆಯ ಒಳಗೆ ಲೆಕ್ಕ ಇದೆ. ನಿಧಾನವಾಗಿ ಓದಿ. ಲೆಕ್ಕ ಬಂದಲ್ಲಿ ನಿಲ್ಲಿಸಿ. ಪುಸ್ತಕ, ಪೆನ್ಸಿಲ್ ತೆಗೆದುಕೊಂಡು ನೀವೂ ಮಾಡಿ ನೋಡಿ.

ಎಂಟು ನೂರು ರೂಪಾಯಿ

ಗಂಗೊಳ್ಳಿಯ ನಮ್ಮ ಅಕ್ಷರ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಗಂಡ ಬೋಟಿಗೆ ಹೋಗುವವರು. ಅಕ್ಕನಿಗೆ ಬಂದರಿನಲ್ಲಿ ಮೀನು ಆರಿಸುವ ಕೆಲಸ. ಬೋಟು ಬಂದರೆ ಕೆಲಸ ಉಂಟು. ಬೋಟು ಇಲ್ಲದಿದ್ದರೆ ಇಲ್ಲ.

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮರಿ ಮಾಡುವ ಕಾಲ. ಮೀನಿಗೆ ಅದು ಒಳ್ಳೆಯದೇ. ಆದರೆ ಆ ಎರಡು ತಿಂಗಳು ಮನೆಯಲ್ಲಿ ದುಡಿಮೆ ಇಲ್ಲ. ಶಾಲೆ ಶುರುವಾಗುವುದೂ ಆಗಲೇ. ನೋಟ್ ಪುಸ್ತಕ ಬೇಕು, ಕೊಡೆ ಬೇಕು, ಚಪ್ಪಲಿ ಬೇಕು. ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾಗಿ ಮೇ ತಿಂಗಳ ಕೊನೆಗೆ ಅಕ್ಕ ಬೇರೆ ಕೆಲಸ ಹುಡುಕಿದರು. ತ್ರಾಸಿ ಕಡೆಯ ಒಂದು ಮನೆಯವರು ಬೇಲಿ ಸವರಲು ಜನ ಬೇಕು ಎಂದರು. ದಾಸವಾಳದ ಬೇಲಿ. ನಡುನಡುವೆ ಗ್ಲಿರಿಸಿಡಿಯಾ, ಅದೇ ನಮ್ಮ ಗೊಬ್ಬರದ ಗಿಡ. ಎರಡು ವರ್ಷದಿಂದ ಯಾರೂ ಕತ್ತಿ ಮುಟ್ಟಿಸಿರಲಿಲ್ಲ.

ಮನೆಯ ಅಮ್ಮ ಕೇಳಿದರು, "ಎಷ್ಟ್ ಆತ್ತ್?"

ಅಕ್ಕ ಹೇಳಿದರು, "ನೀವ್ ಕೊಟ್ಟಷ್ಟ್ ಕೊಡಿ ಅಮ್ಮ."

"ಹಾಂಗಲ್ಲ ಮಾರಾಯ್ತಿ. ಒಂದ್ ಲೆಕ್ಕ ಹೇಳ್."

ಅಕ್ಕ ಬೇಲಿಯನ್ನು ಗೇಟಿನಿಂದಲೇ ನೋಡಿದರು. ಒಂದು ದಿನದ ಕೆಲಸ ಎಂದು ಕಂಡಿತು. "ಎಂಟ್ನೂರ್ ಕೊಡಿ" ಎಂದರು. ಅಮ್ಮ ಕೂಡಲೇ ಒಪ್ಪಿದರು. ಅಷ್ಟು ಬೇಗ ಒಪ್ಪಿದಾಗಲೇ ಅಕ್ಕನಿಗೆ ಸಣ್ಣ ಅನುಮಾನ ಬಂತಂತೆ!

ಮರುದಿನ ಅಕ್ಕ ತಮ್ಮ ನೆರೆಮನೆಯ ತಂಗಿಯನ್ನು ಕರೆದುಕೊಂಡು ಹೋದರು. ಬೇಲಿ ಗೇಟಿನ ಹತ್ತಿರ ಎದೆಮಟ್ಟ ಇತ್ತು. ಹಿಂದೆ ಹೋದಂತೆ ತಲೆಗಿಂತ ಮೇಲೆ ಇತ್ತು. ಒಳಗೆಲ್ಲ ಬಳ್ಳಿ ಹೆಣೆದುಕೊಂಡಿತ್ತು. ಒಂದು ಕಡೆ ಚಗಳಿ ಇರುವೆಯ ಗೂಡು. ಕೈಗೆ, ಕುತ್ತಿಗೆಗೆಲ್ಲ ಹತ್ತಿ ಕಚ್ಚಿದವು. ಎರಡನೇ ದಿನ ಕತ್ತಿಯ ಹಿಡಿ ಮುರಿಯಿತು. ಸವರಿ ಮುಗಿಯಲು ಎರಡು ದಿನ ಹಿಡಿಯಿತು. ಇನ್ನು ಹೊರಡುವ ಎನ್ನುವಾಗ ಅಮ್ಮ ಕೇಳಿದರು, "ಈ ಸೊಪ್ಪ್ ತೆಗೂದ್ ಯಾರ್?"

ಸೊಪ್ಪಿನ ಮಾತು ಮೊದಲು ಬಂದೇ ಇರಲಿಲ್ಲ. ಮೂರನೇ ದಿನ ಮಧ್ಯಾಹ್ನದ ವರೆಗೆ ಇಬ್ಬರೂ ಸೊಪ್ಪು, ಕಡ್ಡಿ ಹೊತ್ತು ಹಿತ್ತಲಿಗೆ ಹಾಕಿದರು. ಎಂಟು ನೂರು ರೂಪಾಯಿ ತೆಗೆದುಕೊಂಡು ಮನೆಗೆ ಬಂದರು.

ಆ ಅಮ್ಮ ಮೋಸ ಮಾಡಿದರೇ? ಇಲ್ಲ. ಅಕ್ಕ ಹೇಳಿದಷ್ಟನ್ನು ಪೂರ್ತಿ ಕೊಟ್ಟರು. ಮಧ್ಯೆ ಚಹಾ ಕೂಡ ಕೊಟ್ಟಿದ್ದರು. ಹಾಗಾದರೆ ತಪ್ಪಿದ್ದು ಎಲ್ಲಿ?

ಹಣ ಎಲ್ಲಿ ಹೋಯಿತು?

ಅಂದು ರಾತ್ರಿ ಕೇಂದ್ರದಲ್ಲಿ ಅಕ್ಕ ಸುಮ್ಮನೆ ಕುಳಿತಿದ್ದರು. ಏನಾಯಿತು ಎಂದು ಕೇಳಿದೆ. ಹೇಳಿದರು. ಆ ದಿನ ನಾನು ಬೇರೆ ಪಾಠ ತಯಾರು ಮಾಡಿಕೊಂಡು ಹೋಗಿದ್ದೆ. ಅದನ್ನು ಬದಿಗೆ ಇಟ್ಟೆ. ಎಲ್ಲರೂ ಸೇರಿ ಬೋರ್ಡಿನ ಮೇಲೆ ಬರೆದೆವು.

ಬಂದ ಹಣ: 800 ರೂಪಾಯಿ.

ಬಸ್ಸಿಗೆ, ಒಬ್ಬರಿಗೆ ಹೋಗಿ ಬರಲು 20 ರೂಪಾಯಿ. ಇಬ್ಬರಿಗೆ 40. ಮೂರು ದಿನಕ್ಕೆ 120 ರೂಪಾಯಿ.

ಕತ್ತಿಗೆ ಹೊಸ ಹಿಡಿ: 80 ರೂಪಾಯಿ.

ಒಟ್ಟು ಖರ್ಚು: 200 ರೂಪಾಯಿ.

ಉಳಿದದ್ದು: 600 ರೂಪಾಯಿ.

ಒಬ್ಬರು ಒಂದು ದಿನ ಮಾಡಿದ ಕೆಲಸಕ್ಕೆ ನಾವು ಒಂದು ಆಳು ಎನ್ನುತ್ತೇವೆ. ಇಬ್ಬರು ಎರಡೂವರೆ ದಿನ ಮಾಡಿದರೆ ಐದು ಆಳು. 600 ರೂಪಾಯಿಯನ್ನು ಐದರಿಂದ ಭಾಗಿಸಿ. ಎಷ್ಟು ಬಂತು?

120 ರೂಪಾಯಿ.

ಇಡೀ ದಿನ ಬಿಸಿಲಲ್ಲಿ ನಿಂತು ಕತ್ತಿ ಬೀಸಿದ್ದಕ್ಕೆ ಒಬ್ಬರಿಗೆ 120 ರೂಪಾಯಿ! ಬೋರ್ಡಿನ ಮೇಲೆ ಆ ಸಂಖ್ಯೆ ನೋಡಿ ಯಾರೂ ಮಾತಾಡಲಿಲ್ಲ. ಜೊತೆಗೆ ಹೋಗಿದ್ದ ತಂಗಿ ಕೊನೆಗೆ ಹೇಳಿದಳು, "ಇದ್ಕಿಂತ ಮನ್ಯಂಗ್ ಕೂಕಂಡಿರೆ ಬಸ್ಸಿನ್ ದುಡ್ಡಾರೂ ಉಳೀತಿತ್ತ್."

(ಬಸ್ಸಿನ ವಿಷಯಕ್ಕೆ ಒಂದು ಮಾತು. 2023ರ ಜೂನ್‌ನಿಂದ ನಮ್ಮ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ಹಣ ಇಲ್ಲ. ಆದರೆ ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಆದ್ದರಿಂದ ಬಸ್ಸಿನ ಹಣವನ್ನು ಲೆಕ್ಕಕ್ಕೆ ಸೇರಿಸಲೇಬೇಕು.)

ತೆಂಗಿಗೆ ದರ ಉಂಟು, ಬೇಲಿಗೆ ಇಲ್ಲ

ತೆಂಗಿನ ಕಾಯಿ ಕೊಯ್ಯುವವರನ್ನು ನೋಡಿ. ಒಂದು ಮರಕ್ಕೆ ಇಷ್ಟು ಎಂದು ದರ ಇದೆ. ಹತ್ತು ಮರ ಹತ್ತಿದರೆ ಹತ್ತು ಮರದ ಹಣ. ಕೊಡುವವರಿಗೂ ಗೊತ್ತು. ಪಡೆಯುವವರಿಗೂ ಗೊತ್ತು. ತೆಂಗು ಅಭಿವೃದ್ಧಿ ಮಂಡಳಿಯವರು 2011ರಲ್ಲಿ ಯಂತ್ರದಿಂದ ಮರ ಹತ್ತುವ ತರಬೇತಿ ಶುರು ಮಾಡಿದರು. ಅದರಲ್ಲಿ ಹೆಂಗಸರೂ ಕಲಿತಿದ್ದಾರೆ. ಮರ ಹತ್ತುವವರಿಗೆ 'ಕೇರ ಸುರಕ್ಷಾ' ಎಂಬ ಅಪಘಾತ ವಿಮೆಯೂ ಇದೆ.

ಬೇಲಿಗೆ ಅಂಥ ದರ ಇಲ್ಲ. ಒಂದು ಬೇಲಿಯ ಹಾಗೆ ಇನ್ನೊಂದು ಬೇಲಿ ಇರುವುದಿಲ್ಲ. ಒಂದು ಉದ್ದ, ಒಂದು ಎತ್ತರ. ಒಂದು ಮೆತ್ತಗೆ, ಒಂದರಲ್ಲಿ ಪೂರಾ ಮುಳ್ಳು. ಆದ್ದರಿಂದ ಪ್ರತಿ ಬೇಲಿಗೂ ಬೇರೆ ಲೆಕ್ಕ ಹಾಕಬೇಕು. ಹೀಗೆ ಕೆಲಸಕ್ಕೆ ಮೊದಲೇ ಹಾಕುವ ಲೆಕ್ಕಕ್ಕೆ 'ಅಂದಾಜು' ಎನ್ನುತ್ತಾರೆ.

ಲೆಕ್ಕ ಬಾರದೆ ಕಡಿಮೆ ಹೇಳಿದ್ದು ಅಂತ ಮೊದಲು ನಾನು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದೊಂದೇ ಅಲ್ಲ. ಬಾಯಿ ಬಿಟ್ಟು ಹಣ ಕೇಳಲು ನಮಗೆ ನಾಚಿಕೆ. 'ಜಾಸ್ತಿ ಹೇಳಿದರೆ ಏನು ಅಂದುಕೊಳ್ತಾರೋ' ಎಂಬ ಹೆದರಿಕೆ. 'ಬೇರೆಯವರನ್ನು ಕರೆದರೆ?' ಎಂಬ ಇನ್ನೊಂದು ಹೆದರಿಕೆ. ಮೀನು ಮಾರುವಾಗ ಇದೇ ಅಕ್ಕಂದಿರಿಗೆ ಈ ನಾಚಿಕೆ ಇಲ್ಲ! ಬುಟ್ಟಿಯ ಮೀನಿಗೆ ಎಷ್ಟು ಬಿದ್ದಿದೆ ಎಂದು ಅವರಿಗೆ ಗೊತ್ತು. ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬೇಲಿಯ ಕೆಲಸಕ್ಕೆ ಎಷ್ಟು ಬೀಳುತ್ತದೆ ಎಂದು ಗೊತ್ತಿರಲಿಲ್ಲ. ಹಾಗಾಗಿ ಎಲ್ಲಿ ನಿಲ್ಲಬೇಕು ಎಂದೂ ಗೊತ್ತಾಗಲಿಲ್ಲ.

ಗಂಟು ಹಾಕಿದ ಹಗ್ಗ

ಮೊದಲ ಕೆಲಸ ಅಳೆಯುವುದು. ಅಳೆಯಲು ಟೇಪು ಬೇಕೆಂದಿಲ್ಲ.

ನಮ್ಮ ಊರಿನಲ್ಲಿ ನೀರಿನ ಆಳವನ್ನು, ಬಲೆಯ ಹಗ್ಗವನ್ನು ಮಾರಿನಲ್ಲಿ ಅಳೆಯುತ್ತಾರೆ. ಎರಡೂ ಕೈ ಚಾಚಿದರೆ ಒಂದು ಮಾರು. ಆದರೆ ಗಂಡಸರ ಮಾರು ಬೇರೆ, ನಮ್ಮ ಮಾರು ಬೇರೆ. ಲೆಕ್ಕಕ್ಕೆ ಒಂದೇ ಅಳತೆ ಇರಲಿ. ಹೀಗೆ ನೆನಪಿಡಿ.

1 ಮಾರು = 4 ಮೊಳ = 6 ಅಡಿ.

ಅಕ್ಕ ಮನೆಯಲ್ಲಿದ್ದ ಹಳೆಯ ಬಲೆಯ ಹಗ್ಗ ತಂದರು. ಶಾಲೆಯ ಅಳತೆಪಟ್ಟಿಯಿಂದ ಆರಾರು ಅಡಿಗೆ ಗುರುತು ಮಾಡಿದೆವು. ಪ್ರತಿ ಗುರುತಿಗೆ ಒಂದು ಗಂಟು ಹಾಕಿದೆವು. ಹತ್ತು ಗಂಟು ಎಂದರೆ ಹತ್ತು ಮಾರು, 60 ಅಡಿ. ಒಬ್ಬರು ಒಂದು ತುದಿ ಹಿಡಿದು ನಿಂತರೆ ಇನ್ನೊಬ್ಬರು ಬೇಲಿಯ ಬುಡದಲ್ಲಿ ಹಗ್ಗ ಎಳೆಯುತ್ತಾ ಹೋಗುವುದು. ಅಷ್ಟೇ.

ತ್ರಾಸಿಯ ಆ ಬೇಲಿಯನ್ನೂ ಅಕ್ಕ ಆಮೇಲೆ ಒಂದು ದಿನ ಹೋಗಿ ಅಳೆದು ಬಂದರು. ಕೆಲಸ ಮುಗಿದ ಮೇಲೆ ಅಳೆಯುವುದು ಯಾಕೆ ಎಂದು ಆ ಮನೆಯವರು ನಕ್ಕರಂತೆ. 24 ಮಾರು ಇತ್ತು. 800 ರೂಪಾಯಿಯನ್ನು 24ರಿಂದ ಭಾಗಿಸಿದರೆ ಒಂದು ಮಾರಿಗೆ 33 ರೂಪಾಯಿ ಚಿಲ್ಲರೆ.

ಬೇಲಿಯ ಪೂರ್ತಿ ಒಂದು ಸುತ್ತು

ಎರಡನೇ ಕೆಲಸ ನೋಡುವುದು. ಗೇಟಿನಲ್ಲಿ ನಿಂತು ನೋಡಿದರೆ ಸಾಲದು. ಬೇಲಿಯ ಪೂರ್ತಿ ಉದ್ದ ನಡೆಯಬೇಕು. ಆಚೆ ಬದಿಗೂ ಹೋಗಬೇಕು. ಆಚೆ ಬದಿ ನೆರೆಯವರ ಜಾಗವಾದರೆ ಅವರನ್ನು ಕೇಳಿಯೇ ಹೋಗಬೇಕು.

ಎತ್ತರ ಎಷ್ಟು? ಸೊಂಟದ ಮಟ್ಟದ ಬೇಲಿ ಬೇಗ ಮುಗಿಯುತ್ತದೆ. ಎದೆಯ ಮೇಲೆ ಹೋದರೆ ಕೈ ಎತ್ತಿ ಕಡಿಯಬೇಕು. ಅರ್ಧ ಗಂಟೆಯಲ್ಲಿ ಭುಜ ಸೋಲುತ್ತದೆ. ತಲೆಯ ಮೇಲೆ ಹೋದರೆ ಏಣಿ ಬೇಕು, ಏಣಿ ಹಿಡಿಯಲು ಇನ್ನೊಬ್ಬರು ಬೇಕು. ಆಗ ಒಂದು ಕತ್ತಿಗೆ ಎರಡು ಆಳು.

ಎಂಥ ಗಿಡ? ದಾಸವಾಳ ಸುಲಭ. ನೆಕ್ಕಿಯೂ ಸುಲಭ. ಮುಳ್ಳಿನ ಗಿಡವಾದರೆ ನಿಧಾನ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಚೇರೆ ಮರದ ಸೊನೆ ಮೈಗೆ ತಾಗಿದರೆ ಕೆಲವರಿಗೆ ಗುಳ್ಳೆ ಏಳುತ್ತದೆ. ಕಣಗಿಲೆಯ ಸೊಪ್ಪು ವಿಷ, ದನ ತಿನ್ನುವ ಜಾಗದಲ್ಲಿ ಹಾಕಬಾರದು. ಇಂಥ ಗಿಡ ಇದ್ದರೆ ಕೈಚೀಲ, ಉದ್ದ ತೋಳಿನ ಅಂಗಿ ಬೇಕು. ಹೊತ್ತೂ ಹೆಚ್ಚು ಬೇಕು. ಅದೆಲ್ಲ ಹಣಕ್ಕೆ ಸೇರಬೇಕು.

ಒಳಗೆ ಏನಿದೆ? ಇರುವೆ ಗೂಡು, ಕಣಜದ ಗೂಡು, ಹಾವು. ಹಳೆಯ ಮುಳ್ಳುತಂತಿ ಇದ್ದರೆ ಕತ್ತಿಯ ಬಾಯಿ ಹೋಗುತ್ತದೆ. ಹಕ್ಕಿಯ ಗೂಡಿನಲ್ಲಿ ಮರಿ ಇದ್ದರೆ ಆ ಜಾಗವನ್ನು ಸ್ವಲ್ಪ ದಿನ ಬಿಟ್ಟುಬಿಡಿ. ಇಂಗ್ಲೆಂಡ್ ದೇಶದಲ್ಲಿ ಬೇಲಿ ಸವರುವುದು ಒಂದು ದೊಡ್ಡ ಕಸುಬು. ಅಲ್ಲಿ ಹಕ್ಕಿ ಇರುವ ಗೂಡನ್ನು ಬೇಕೆಂದೇ ಹಾಳು ಮಾಡಿದರೆ 1981ರ ಕಾನೂನಿನ ಪ್ರಕಾರ ಅಪರಾಧ.

ಮೇಲೆ ಏನಿದೆ? ಕರೆಂಟಿನ ತಂತಿ ಇದ್ದರೆ, ಕೊಂಬೆ ತಂತಿಗೆ ತಾಗಿದ್ದರೆ, ಆ ಕೊಂಬೆಯನ್ನು ಮುಟ್ಟಲೇಬಾರದು. ಹಸಿ ಕೊಂಬೆಯಲ್ಲೂ ಕರೆಂಟು ಹರಿಯುತ್ತದೆ. ಮೆಸ್ಕಾಂನವರಿಗೆ ಹೇಳಬೇಕು. ಅವರ ಸಹಾಯವಾಣಿ 1912. ಎಷ್ಟು ಹಣ ಕೊಡುತ್ತೇನೆ ಎಂದರೂ ಈ ಒಂದು ಕೆಲಸಕ್ಕೆ ದರ ಹೇಳಬೇಡಿ.

ಬೇಲಿ ಸವರಲು ಹೋದಾಗ "ಆ ಮರವನ್ನೂ ಕಡಿದುಬಿಡಿ" ಎನ್ನುವವರು ಇದ್ದಾರೆ. ಕೊಂಬೆ ಸವರುವುದು ಬೇರೆ, ಮರ ಕಡಿಯುವುದು ಬೇರೆ. ತೆಂಗಿನಂಥ ಕೆಲವು ಮರ ಬಿಟ್ಟು ಉಳಿದ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. 1976ರಿಂದ ನಮ್ಮ ರಾಜ್ಯದಲ್ಲಿ ಆ ಕಾನೂನು ಇದೆ.

ಇನ್ನು ಕೇಳಬೇಕಾದ ಮಾತು ಎರಡು. ಸೊಪ್ಪು ಎಲ್ಲಿಗೆ ಹಾಕಬೇಕು? ಮಧ್ಯಾಹ್ನದ ಊಟ ಅವರದ್ದಾ, ನಮ್ಮದಾ? ಇದನ್ನು ಕೇಳಲು ನಾಚಿಕೆ ಬೇಡ. ಮೊದಲೇ ಕೇಳಿದರೆ ಮಾತು. ಆಮೇಲೆ ಕೇಳಿದರೆ ಜಗಳ.

ಒಂದು ಗಂಟೆಯ ಪರೀಕ್ಷೆ

ಮೂರನೇ ಕೆಲಸ ಎಲ್ಲಕ್ಕಿಂತ ಮುಖ್ಯ. ಒಂದು ಗಂಟೆಯಲ್ಲಿ ನಮ್ಮ ಕೈಯಿಂದ ಎಷ್ಟು ಮಾರು ಆಗುತ್ತದೆ? ಇದು ಯಾವ ಪುಸ್ತಕದಲ್ಲೂ ಇಲ್ಲ. ಮಾಡಿಯೇ ತಿಳಿಯಬೇಕು.

ತ್ರಾಸಿಯಲ್ಲಿ ಇಬ್ಬರು ಎರಡು ದಿನದಲ್ಲಿ 24 ಮಾರು ಸವರಿದರು. ದಿನಕ್ಕೆ 12 ಮಾರು. ಬೆಳಿಗ್ಗೆ ಎಂಟೂವರೆಗೆ ಶುರು ಮಾಡಿ ಸಂಜೆ ಐದಕ್ಕೆ ಮುಗಿಸಿದರೂ ಕತ್ತಿ ಆಡುವುದು ಆರು ಗಂಟೆ ಮಾತ್ರ. ಊಟ, ಚಹಾ, ಕತ್ತಿ ಮಸೆಯುವುದು, ಏಣಿ ಸರಿಸುವುದು, ನೀರು ಕುಡಿಯುವುದು, ಇದಕ್ಕೆಲ್ಲ ಉಳಿದ ಹೊತ್ತು ಹೋಗುತ್ತದೆ. ಹನ್ನೆರಡು ಮಾರನ್ನು ಆರು ಗಂಟೆಯಿಂದ ಭಾಗಿಸಿ. ಗಂಟೆಗೆ 2 ಮಾರು. ಕಾಡು ಬಿದ್ದ ಬೇಲಿಗೆ ಅವರ ಕೈಯ ವೇಗ ಅದು.

ನವರಾತ್ರಿಗೆ ಮೊದಲು, ಸೆಪ್ಟೆಂಬರಿನಲ್ಲಿ, ಇನ್ನೊಂದು ಮನೆಯಿಂದ ಕರೆ ಬಂತು. ಅದೂ ದಾಸವಾಳದ ಬೇಲಿ. ಹಿಂದಿನ ವರ್ಷ ಸವರಿದ್ದು. ಭುಜದ ಮಟ್ಟ ಇತ್ತು. ಅಕ್ಕ ಹಗ್ಗ ಹಿಡಿದು ಅಳೆದರು. 36 ಮಾರು. ದರ ಹೇಳುವ ಮೊದಲು ಅಕ್ಕ ಕೇಳಿದರು, "ಒಂದ್ ಗಂಟೆ ಮಾಡಿ ಕಾಂತೆವು ಅಮ್ಮ. ಆಮೇಲೆ ಹೇಳ್ತೆ." ಆ ಮನೆಯವರು ಒಪ್ಪಿದರು. ಇಬ್ಬರೂ ಗಡಿಯಾರ ನೋಡಿ ಒಂದು ಗಂಟೆ ಕೆಲಸ ಮಾಡಿದರು. 3 ಮಾರು ಆಯಿತು.

ಈಗ ಲೆಕ್ಕ ಮಾಡಿ. ಗಂಟೆಗೆ 3 ಮಾರು. 36 ಮಾರಿಗೆ ಎಷ್ಟು ಗಂಟೆ? 12 ಗಂಟೆ. ದಿನಕ್ಕೆ 6 ಗಂಟೆ. ಹಾಗಾದರೆ 2 ದಿನ.

ಇಲ್ಲಿ ಸ್ವಲ್ಪ ನಿಲ್ಲಿ. ತ್ರಾಸಿಯ ಬೇಲಿ 24 ಮಾರು, ಎರಡು ದಿನ ಹಿಡಿಯಿತು. ಈ ಬೇಲಿ 36 ಮಾರು, ಇದಕ್ಕೂ ಎರಡೇ ದಿನ. ಉದ್ದ ಒಂದನ್ನೇ ನೋಡಿ ದರ ಹೇಳಿದರೆ ಯಾಕೆ ತಪ್ಪುತ್ತದೆ ಎಂದು ಈಗ ಕಂಡಿತಲ್ಲ?

ಅಂದಾಜು ಚೀಟಿ

ಅಕ್ಕ ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ಚೀಟಿ ಬರೆದರು. ಅವರು ಅಕ್ಷರ ಕಲಿತು ಒಂದು ವರ್ಷ ಆಗಿತ್ತು. ಬೇರೆಯವರ ಮನೆಯಲ್ಲಿ, ಬೇರೆಯವರ ಎದುರಿಗೆ ಬರೆದದ್ದು ಅದೇ ಮೊದಲು. ಕೈ ನಡುಗಿತು ಎಂದರು. ಒತ್ತಕ್ಷರ ಒಂದೆರಡು ತಪ್ಪಿತ್ತು. ಅಂಕೆ ಒಂದೂ ತಪ್ಪಿರಲಿಲ್ಲ.

ಒಂದು ಆಳಿಗೆ 600 ರೂಪಾಯಿ ಎಂದು ಹಿಡಿದಿದ್ದರು. ನಿಮ್ಮ ಊರಿನಲ್ಲಿ ಎಷ್ಟೋ ಅದನ್ನು ನೀವು ಹಾಕಿಕೊಳ್ಳಿ.

ಬೇಲಿ ಸವರುವುದು, 2 ಜನ, 2 ದಿನ: 4 ಆಳು
ಸೊಪ್ಪು ಹೊತ್ತು ಹಾಕುವುದು, 2 ಜನ, ಅರ್ಧ ದಿನ: 1 ಆಳು
ಒಟ್ಟು 5 ಆಳು, 600ರಂತೆ: 3,000 ರೂ.
ಬಸ್ಸು, 2 ಜನ, 3 ದಿನ: 120 ರೂ.
ಕತ್ತಿ ಮಸೆಯುವುದು, ಹಿಡಿ, ಕೈಚೀಲ: 130 ರೂ.
ಸೇರಿ: 3,250 ರೂ.
ಹತ್ತರಲ್ಲಿ ಒಂದು ಪಾಲು: 325 ರೂ.
ಒಟ್ಟು: 3,575 ರೂ.

ಕೊನೆಯ ಚಿಲ್ಲರೆ ಸರಿ ಮಾಡಿ 3,600 ಎಂದು ಬರೆದರು.

ಕತ್ತಿ ಮುರಿಯದಿದ್ದರೂ 130 ರೂಪಾಯಿ ಯಾಕೆ? ಕತ್ತಿ ದಿನಾ ಸ್ವಲ್ಪ ಸವೆಯುತ್ತದೆ. ಇಂದು ಮುರಿಯದಿದ್ದರೆ ಇನ್ನೊಂದು ದಿನ ಮುರಿಯುತ್ತದೆ. ಅಂದಿನ ಹಣವನ್ನು ಇಂದೇ ಎತ್ತಿಡಬೇಕು.

ಹತ್ತರಲ್ಲಿ ಒಂದು ಪಾಲು ಯಾಕೆ? ಮಳೆ ಬಂದು ಅರ್ಧ ದಿನ ಕೆಲಸ ನಿಲ್ಲಬಹುದು. ಕೈಗೆ ಗಾಯವಾಗಬಹುದು. ಬೇಲಿ ನೋಡಲು, ಅಳೆಯಲು ಒಂದು ಸಲ ಹೋಗಿ ಬಂದದ್ದಕ್ಕೆ ಯಾರು ಕೊಡುತ್ತಾರೆ? ಅದೆಲ್ಲ ಈ ಪಾಲಿನಲ್ಲಿ ಬರಬೇಕು. ಏನೂ ಆಗದೆ ಉಳಿದರೆ ಸಂಘದಲ್ಲಿ ಇಡಬಹುದು. ಒಳ್ಳೆಯ ದೊಡ್ಡ ಕತ್ತರಿ ಕೊಳ್ಳಲು ಬೇಕಾಗುತ್ತದೆ. ಕೆಲವು ಅಕ್ಕಂದಿರು ಇದನ್ನು ಮೋಸ ಎಂದರು. ನನಗೆ ಹಾಗೆ ಕಾಣುವುದಿಲ್ಲ. ಅಂಗಡಿಯವರು ಕೊಳೆತು ಹೋಗುವ ಟೊಮೆಟೊಕ್ಕೂ ಸೇರಿಸಿಯೇ ದರ ಹಾಕುತ್ತಾರೆ.

3,600 ರೂಪಾಯಿಯನ್ನು 36 ಮಾರಿಗೆ ಹಂಚಿದರೆ ಒಂದು ಮಾರಿಗೆ 100 ರೂಪಾಯಿ. ಆದರೆ ಇದನ್ನೇ ಹಿಡಿದುಕೊಂಡು ಎಲ್ಲ ಬೇಲಿಗೂ 'ಮಾರಿಗೆ ನೂರು' ಎನ್ನಬೇಡಿ. ತ್ರಾಸಿಯ ಬೇಲಿಗೂ ಇದೇ ಐದು ಆಳು ಹಿಡಿದಿತ್ತು. ಅದಕ್ಕೂ 3,600 ಬೇಕಿತ್ತು. ಅದನ್ನು 24ರಿಂದ ಭಾಗಿಸಿ. ಮಾರಿಗೆ 150 ರೂಪಾಯಿ. ಸಿಕ್ಕಿದ್ದು 33.

ಕೂಲಿ ಇಳಿಸಬೇಡಿ, ಕೆಲಸ ಇಳಿಸಿ

ಚೀಟಿ ನೋಡಿ ಆ ಮನೆಯ ಅಮ್ಮ ಹೇಳಿದರು, "ಅಷ್ಟೆಲ್ಲಾ ಆಪುದಿಲ್ಲೆ. ಗಂಡಸ್ರ್ ಮಿಷನ್ ತಂದ್ ಒಂದೇ ದಿನದಂಗೆ ಮಾಡ್ತ್ರ್. ಎರಡ್ ಸಾವಿರಕ್ಕೆ ಮಾಡಿ."

ಮೊದಲಿನ ಅಕ್ಕನಾಗಿದ್ದರೆ "ಆಯ್ತ್ ಅಮ್ಮ" ಎಂದು ಬಿಡುತ್ತಿದ್ದರು. ಎರಡು ಸಾವಿರವೂ ಎಂಟು ನೂರಕ್ಕಿಂತ ಎಷ್ಟೋ ಹೆಚ್ಚಲ್ಲವೇ! ಆದರೆ ಈ ಸಲ ಕೈಯಲ್ಲಿ ಚೀಟಿ ಇತ್ತು. ಐದು ಆಳು ಬೇಕೇ ಬೇಕು ಎಂದು ಅದರಲ್ಲಿ ಬರೆದಿತ್ತು. ಎರಡು ಸಾವಿರದಲ್ಲಿ ಬಸ್ಸು, ಕತ್ತಿಯ 250 ತೆಗೆದರೆ 1,750. ಐದು ಆಳಿಗೆ ಹಂಚಿದರೆ 350 ರೂಪಾಯಿ. ಅಕ್ಕ ಕಡ್ಡಿಯಿಂದ ಮಣ್ಣಿನ ಮೇಲೆ ಭಾಗಾಕಾರ ಮಾಡಿ ನೋಡಿದರು. ಆಗುವುದಿಲ್ಲ ಎಂದು ತಲೆ ಆಡಿಸಿದರು.

ಆಮೇಲೆ ಅಮ್ಮನಿಗೆ ಚೀಟಿಯ ಎರಡನೇ ಸಾಲು ತೋರಿಸಿದರು. "ಸೊಪ್ಪ್ ಹೊರೂದ್ ನಮ್ಗ್ ಬ್ಯಾಡ ಅಂದ್ರೆ ಒಂದ್ ಆಳ್ ಕಮ್ಮಿ ಆತ್ತ್. ಮೂರ್ನೇ ದಿನದ್ ಬಸ್ಸೂ ಉಳೀತ್ತ್."

ಆ ಮನೆಯಲ್ಲಿ ತೆಂಗಿನ ತೋಟ ಇತ್ತು. ಸೊಪ್ಪು ಹೇಗೂ ತೆಂಗಿನ ಬುಡಕ್ಕೆ ಬೇಕು. ತೋಟದ ಕೆಲಸಕ್ಕೆ ಬರುವವರು ಇದ್ದರು. ಸೊಪ್ಪನ್ನು ಬೇಲಿಯ ಬುಡದಲ್ಲೇ ರಾಶಿ ಹಾಕಿದರೆ ಸಾಕು, ಅವರೇ ಹೊತ್ತುಕೊಳ್ಳುತ್ತಾರೆ ಎಂದು ಮಾತಾಯಿತು. ಹೊಸ ಲೆಕ್ಕ ಹೀಗೆ ಬಂತು.

4 ಆಳು, 600ರಂತೆ: 2,400 ರೂ.
ಬಸ್ಸು, 2 ಜನ, 2 ದಿನ: 80 ರೂ.
ಕತ್ತಿ, ಕೈಚೀಲ: 130 ರೂ.
ಸೇರಿ: 2,610 ರೂ.
ಹತ್ತರಲ್ಲಿ ಒಂದು ಪಾಲು: 261 ರೂ.
ಒಟ್ಟು: 2,871 ರೂ.

2,900 ರೂಪಾಯಿಗೆ ಒಪ್ಪಿಗೆ ಆಯಿತು. 3,600ರಿಂದ 700 ರೂಪಾಯಿ ಇಳಿಯಿತು. ಆದರೆ ಒಂದು ಆಳಿನ ಕೂಲಿ 600 ಇದ್ದದ್ದು 600 ಆಗಿಯೇ ಉಳಿಯಿತು. ಆ ಅಮ್ಮನಿಗೂ ಹಣ ಉಳಿಯಿತು, ಗೊಬ್ಬರವೂ ಸಿಕ್ಕಿತು.

ಹೀಗೆ ಇಳಿಸಲು ಬೇರೆ ದಾರಿಯೂ ಇದೆ. ಹೊರಗಿನ ಬದಿ ಮಾತ್ರ ಈಗ, ಒಳಗಿನ ಬದಿ ಮುಂದಿನ ತಿಂಗಳು. ಏಣಿ ಅವರದ್ದು. ಊಟ ಅವರದ್ದು. ವರ್ಷಕ್ಕೆ ಎರಡು ಸಲ ನಮ್ಮನ್ನೇ ಕರೆದರೆ ಎರಡನೇ ಸಲ ಕಡಿಮೆ, ಏಕೆಂದರೆ ಆರು ತಿಂಗಳಿಗೊಮ್ಮೆ ಸವರಿದ ಬೇಲಿ ಕಾಡು ಬೀಳುವುದಿಲ್ಲ, ಕೈ ಬೇಗ ಓಡುತ್ತದೆ.

ಎಲ್ಲರೂ ಒಪ್ಪುತ್ತಾರೆ ಎಂದಲ್ಲ. ಅಕ್ಟೋಬರಿನಲ್ಲಿ ಒಂದು ಮನೆಯವರು ಚೀಟಿಯನ್ನು ಪೂರ್ತಿ ಓದದೆ ಹಿಂದೆ ಕೊಟ್ಟರು. ಬೇರೆಯವರನ್ನು ಕರೆದರು. ಆ ದಿನ ಅಕ್ಕನಿಗೆ ಕೆಲಸ ಇಲ್ಲ. ಬೇಸರವಾಯಿತು. 120 ರೂಪಾಯಿಗೆ ದುಡಿದ ದಿನದಷ್ಟು ಬೇಸರ ಆಗಲಿಲ್ಲ ಎಂದರು.

ಮಿಷನ್, ಗಂಡಾಳು, ಹೆಣ್ಣಾಳು

ಮಿಷನ್ ಬೇಗ ಕತ್ತರಿಸುತ್ತದೆ, ನಿಜ. ಆದರೆ ಅದಕ್ಕೆ ಪೆಟ್ರೋಲು ಬೇಕು, ಎಣ್ಣೆ ಬೇಕು, ರಿಪೇರಿ ಬೇಕು. ಹೆಬ್ಬೆರಳು ದಪ್ಪದ ಕಡ್ಡಿಗೆ ಕೊನೆಗೆ ಕತ್ತಿಯೇ ಬೇಕು. ಸಾಲ ಮಾಡಿ ಮಿಷನ್ ತರುವ ಮಾತು ನಮ್ಮ ಕೇಂದ್ರದಲ್ಲೂ ಬಂತು. ನಾನು ಬೇಡ ಎಂದೆ. ಮೊದಲು ಒಂದು ವರ್ಷ ಎಷ್ಟು ಬೇಲಿ ಸಿಗುತ್ತದೆ ನೋಡಿ. ಮಿಷನಿನ ಬೆಲೆಯನ್ನು ಅಷ್ಟು ಬೇಲಿಗೆ ಹಂಚಿ ನೋಡಿ. ಆಗ ತೀರ್ಮಾನ ಮಾಡಿ. ಬಾಡಿಗೆಗೆ ಸಿಕ್ಕಿದರೆ ಬಾಡಿಗೆಯನ್ನು ಚೀಟಿಯಲ್ಲಿ ಒಂದು ಸಾಲು ಮಾಡಿ ಬರೆಯಿರಿ.

'ಹೆಣ್ಣಾಳು, ಕಡಿಮೆಗೆ ಮಾಡ್ತಾರೆ' ಎಂದು ಕರೆಯುವವರು ಇದ್ದಾರೆ. ಒಂದೇ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ ಕೊಡಬೇಕು ಎಂಬ ಕಾನೂನು 1976ರಲ್ಲಿ ಬಂತು. ಅದನ್ನು ಆಮೇಲೆ 2019ರ ವೇತನ ಸಂಹಿತೆಯಲ್ಲಿ ಸೇರಿಸಿದ್ದಾರೆ. ಗುತ್ತಿಗೆ ಕೆಲಸದಲ್ಲಂತೂ ಈ ಪ್ರಶ್ನೆಯೇ ಇಲ್ಲ. ಸವರಿದ ಬೇಲಿ ನೋಡಿದರೆ ಯಾರ ಕೈ ಎಂದು ಗೊತ್ತಾಗುವುದಿಲ್ಲ.

ಕೆಲಸದ ಪುಸ್ತಕ

ಅಕ್ಕ ಈಗ ಒಂದು ಪುಸ್ತಕ ಇಟ್ಟಿದ್ದಾರೆ. ಒಂದು ಬೇಲಿಗೆ ಒಂದು ಪುಟ. ಎಷ್ಟು ಮಾರು, ಎಂಥ ಗಿಡ, ಎಷ್ಟು ಎತ್ತರ, ಗಂಟೆಗೆ ಎಷ್ಟು ಮಾರು ಆಯಿತು, ಎಷ್ಟು ದಿನ ಎಂದು ಅಂದಾಜು ಮಾಡಿದ್ದು, ನಿಜವಾಗಿ ಎಷ್ಟು ದಿನ ಹಿಡಿಯಿತು. ಕೊನೆಯ ಎರಡು ಸಾಲುಗಳನ್ನು ಅಕ್ಕಪಕ್ಕ ಬರೆಯುತ್ತಾರೆ. ಅಂದಾಜಿಗಿಂತ ಹೆಚ್ಚು ದಿನ ಹಿಡಿದರೆ ಯಾಕೆ ಎಂದು ಒಂದು ಮಾತು ಬರೆಯುತ್ತಾರೆ. 'ಬಳ್ಳಿ', 'ಮಳೆ', 'ಏಣಿ ಗಿಡ್ಡ' ಹೀಗೆ. ಏಳೆಂಟು ಪುಟ ತುಂಬಿದ ಮೇಲೆ ಪ್ರತಿ ಸಲ ಒಂದು ಗಂಟೆಯ ಪರೀಕ್ಷೆ ಬೇಕಾಗಲಿಲ್ಲ. ಇಂಥದ್ದೇ ಬೇಲಿ ಹಿಂದೆ ಮಾಡಿದ್ದೇವಾ ಎಂದು ಪುಟ ತಿರುಗಿಸಿ ನೋಡುತ್ತಾರೆ.

ಮಳೆಗಾಲ ಬಂದರೆ ಸವರುವ ಕೆಲಸ ಕಡಿಮೆ. ನೆಲ ಜಾರುತ್ತದೆ, ಏಣಿ ನಿಲ್ಲುವುದಿಲ್ಲ. ಆದರೆ ಮಳೆ ಶುರುವಾಗುವಾಗ ಗ್ಲಿರಿಸಿಡಿಯಾ ಗೂಟ ನೆಟ್ಟರೆ ಚಿಗುರುತ್ತದೆ. ದಾಸವಾಳದ ಕಡ್ಡಿಯೂ ಹಾಗೆಯೇ. ಮೇ ತಿಂಗಳಲ್ಲಿ ಸವರುವಾಗ ಒಳ್ಳೆಯ ಕಡ್ಡಿ ಎತ್ತಿಟ್ಟರೆ ಜೂನ್‌ನಲ್ಲಿ ಬೇಲಿಯ ಖಾಲಿ ಜಾಗಕ್ಕೆ ಗೂಟ ನೆಡುವ ಕೆಲಸ ಹಿಡಿಯಬಹುದು. ಬೋಟು ದಡದಲ್ಲಿ ಇರುವ ತಿಂಗಳಿಗೆ ಒಂದಿಷ್ಟು ದುಡಿಮೆ. ಗೂಟಕ್ಕೆ ಎಷ್ಟು ದರ ಎಂದು ಅಕ್ಕ ಈಗ ಲೆಕ್ಕ ಹಾಕುತ್ತಿದ್ದಾರೆ.

ಹೊಸ ಪದಗಳು

ಅಂದಾಜು, ಗುತ್ತಿಗೆ, ಭಾಗಾಕಾರ, ಸಹಾಯವಾಣಿ, ಅನುಮತಿ, ಸಂಹಿತೆ.

ಪ್ರತಿ ಪದವನ್ನು ಎರಡು ಸಲ ಬರೆಯಿರಿ. 'ಅಂದಾಜು' ಎಂಬ ಪದ ಸೇರಿಸಿ ನಿಮ್ಮ ಮನೆಯ ವಿಷಯದಲ್ಲಿ ಒಂದು ವಾಕ್ಯ ಬರೆಯಿರಿ.

ನೀವೇ ಮಾಡಿ

1. ನಿಮ್ಮ ಮನೆಯ ಅಥವಾ ಶಾಲೆಯ ಬೇಲಿಯನ್ನು ಹಗ್ಗದಿಂದ ಅಳೆಯಿರಿ. ಎಷ್ಟು ಮಾರು? ಎಷ್ಟು ಅಡಿ?

2. ಒಂದು ಬೇಲಿ 20 ಮಾರು ಇದೆ. ಇಬ್ಬರು ಒಂದು ಗಂಟೆಯಲ್ಲಿ 4 ಮಾರು ಸವರುತ್ತಾರೆ. ಸೊಪ್ಪು ತೆಗೆಯಲು 1 ಗಂಟೆ ಬೇಕು. ದಿನಕ್ಕೆ 6 ಗಂಟೆ ಕೆಲಸ. ಎಷ್ಟು ಆಳು ಬೇಕು?

3. ಅದೇ ಬೇಲಿಗೆ ಒಂದು ಆಳಿಗೆ 600 ರೂಪಾಯಿ, ಕತ್ತಿಗೆ 50 ರೂಪಾಯಿ ಹಾಕಿ. ನಡೆದೇ ಹೋಗಬಹುದು, ಬಸ್ಸು ಬೇಡ. ಹತ್ತರಲ್ಲಿ ಒಂದು ಪಾಲು ಸೇರಿಸಿ. ಒಟ್ಟು ಎಷ್ಟು?

4. ಆ ಮನೆಯವರು "ಸಾವಿರಕ್ಕೆ ಮಾಡಿ" ಎನ್ನುತ್ತಾರೆ. ಚೀಟಿಯ ಯಾವ ಸಾಲನ್ನು ಅವರಿಗೆ ತೋರಿಸುತ್ತೀರಿ? ಏನು ಹೇಳುತ್ತೀರಿ? ಇಬ್ಬರು ಎದ್ದು ನಿಂತು ಮಾತಾಡಿ ತೋರಿಸಿ. ಉಳಿದವರು ಕೇಳಿ, ಆಮೇಲೆ ಪಾಲು ಬದಲಿಸಿ.